ಓಂಕಾರನ ವಾರದ ಸೂಜಿ

ನಾಗರತ್ನಾ ಬೆಳಗಾವಿಯ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದಳು. ಅದೇ ಊರಿನ ಹಿಂದವಾಡಿಯಲ್ಲಿ ಮನೆ. ತಮ್ಮ ಓಂಕಾರ ತಾಯಿ ಚಂದ್ರವ್ವನ ಜೊತೆ ಖಾನಾಪುರದಲ್ಲಿದ್ದ. ಹನ್ನೊಂದನೆಯ ವಯಸ್ಸಿಗೇ ಸಕ್ಕರೆ ಕಾಯಿಲೆ ಹತ್ತಿಕೊಂಡು, ಹದಿನೈದು ವರ್ಷದಿಂದ ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದ. ಶಹಾಪುರದ ಹುಡುಗಿಯೊಂದಿಗೆ ಮದುವೆ ಗೊತ್ತಾಗಿತ್ತು. ಕಾಯಿಲೆಯ ಸುದ್ದಿಯನ್ನು ಬೀಗರಿಗೆ ಯಾರೂ ಹೇಳಿರಲಿಲ್ಲ.

ಒಂದು ರವಿವಾರ ಅಕ್ಕನ ಮನೆಗೆ ಬಂದು ಊಟಕ್ಕೆ ಕೂತಾಗ ಓಂಕಾರ ಕೇಳಿದ. "ಅಕ್ಕಾ, ಸಕ್ಕರಿ ಕಾಯಿಲೆಗೆ ವಾರಕ್ಕೊಂದ ಸೂಜಿ ಬಂದೈತಂತಲ್ಲ, ಅದು ಹೆಂಗ ಕೆಲಸ ಮಾಡತೈತಿ?"

ಅವಳಿಗೆ ಹುರುಪು ಬಂತು. "ಉಂಡ ಮ್ಯಾಲ ಕರುಳಿನಿಂದ ಒಂದು ಹಾರ್ಮೋನು ಬರತೈತಿ. ಮೇದೋಜೀರಕದ ಕೋಶದ ಮ್ಯಾಲ ಅದನ್ನ ಹಿಡಿಯಾಕಂತನ ರಿಸೆಪ್ಟರ್ ಇರತಾವ. ಹಾರ್ಮೋನು ಅಲ್ಲಿ ಕೂತಿತಂದ್ರ ಕೋಶದೊಳಗ ಸುದ್ದಿ ಮುಟ್ಟಿ ಇನ್ಸುಲಿನ್ ಹೊರಗ ಬೀಳತೈತಿ. ಆ ಔಷಧನೂ ಹಂಗನ ಹೋಗಿ ಕೂಡತೈತಿ."

"ಅಂದ್ರ ಇನ್ಸುಲಿನ್ ಒಳಗ ತಯಾರಾಗತೈತಿ?"

"ಹೂಂ, ಮತ್ತ!"

ಅಷ್ಟರಲ್ಲಿ ಫೋನ್ ಬಂತು. ಅವಳು ಎದ್ದು ಹೋದಳು. ಅವನಲ್ಲಿ ಇನ್ಸುಲಿನ್ ಮಾಡುವ ಆ ಕೋಶಗಳೇ ಎಂದೋ ಸತ್ತು ಹೋಗಿವೆ, ಸುದ್ದಿ ಕೇಳುವುದಕ್ಕೆ ಒಳಗೆ ಯಾರೂ ಉಳಿದಿಲ್ಲ ಎಂಬ ಮಾತು ಹೇಳದೇ ಉಳಿಯಿತು.

ಓಂಕಾರ ಪರಿಚಯದ ಔಷಧದ ಅಂಗಡಿಯಿಂದ ಡಾಕ್ಟರ ಚೀಟಿಯಿಲ್ಲದೆ ಆ ಸೂಜಿ ತಂದ. ಗುರುವಾರ ಚುಚ್ಚಿಕೊಂಡು, ಇನ್ನು ಒಳಗೇ ತಯಾರಾಗುತ್ತದೆಂದು ಇನ್ಸುಲಿನ್ ಬಿಟ್ಟುಬಿಟ್ಟ. ಶನಿವಾರ ವಾಂತಿ ಶುರುವಾಯಿತು.

"ಹೊಸಾ ಔಷಧಕ್ಕ ಮೊದಲಿಗೆ ಹಿಂಗ ಆಗತೈತಂತವ್ವಾ. ಅಕ್ಕಗ ಹೇಳಬ್ಯಾಡ, ಸುಮ್ನ ಗಾಬರಿ ಆಗತಾಳ," ಎಂದ. ತಾಯಿ ನಂಬಿದಳು. ಸೋಮವಾರ ಮುಂಜಾನೆ ಎಬ್ಬಿಸಿದರೆ ಏಳಲಿಲ್ಲ; ಏದುಸಿರು ಬಿಡುತ್ತಿದ್ದ.

ಆಂಬುಲೆನ್ಸ್ ಬೆಳಗಾವಿ ಮುಟ್ಟುವ ಹೊತ್ತಿಗೆ ನಾಗರತ್ನಾ ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದಳು. ತಮ್ಮನ ಉಸಿರಿನಲ್ಲಿ, ಸಕ್ಕರೆ ಕಾಯಿಲೆ ಕೈಮೀರಿದಾಗ ಬರುವ ಕೊಳೆತ ಹಣ್ಣಿನ ವಾಸನೆ ಬಡಿದಾಗ ಅವಳು ಡಾಕ್ಟರನ್ನು ಕೂಗುತ್ತ ಒಳಗೆ ಓಡಿದಳು.

"ಇನ್ಸುಲಿನ್ ಬಿಟ್ಟು ಎಷ್ಟ ದಿನ ಆತ್ರಿ?" ಡಾಕ್ಟರು ಕೇಳಿದರು.

"ಬಿಟ್ಟಿಲ್ಲರೀ, ಅಂವಾ ಎಂದೂ ಬಿಡೂದಿಲ್ಲ," ಎಂದಳು ನಾಗರತ್ನಾ.

ಚಂದ್ರವ್ವ ಸೆರಗಿನಲ್ಲಿ ಕಟ್ಟಿ ತಂದಿದ್ದ ಖಾಲಿ ಸೂಜಿಯನ್ನು ಬಿಚ್ಚಿ ತೋರಿಸಿದಳು. ಡಾಕ್ಟರು ಹೆಸರು ಓದಿ ತಲೆ ಅಲ್ಲಾಡಿಸಿದರು. "ಇದು ಇವರಿಗೆ ಅಲ್ಲರೀ. ಇನ್ಸುಲಿನ್ ಇಲ್ದ ರಕ್ತ ಎಲ್ಲಾ ಆಮ್ಲ ಆಗೇತಿ. ಭಾಳ ತಡಾ ಮಾಡೀರಿ."

ಮರುದಿನ ಮಧ್ಯಾಹ್ನ ಓಂಕಾರ ತೀರಿಕೊಂಡ.

ಖಾನಾಪುರದಲ್ಲಿ ಮಣ್ಣು ಮಾಡಿ ಬಂದ ಮೇಲೆ ತಾಯಿ ಮಗಳು ಇಬ್ಬರೇ ಪಡಸಾಲೆಯಲ್ಲಿ ಕೂತರು.

"ಆ ಸೂಜಿ ಹಾಕ್ಕೋ ಅಂತ ಅವಗ ಯಾರ ಹೇಳಿದ್ರು?" ಚಂದ್ರವ್ವ ಕೇಳಿದಳು.

ನಾಗರತ್ನಾ ಸುಳ್ಳು ಹೇಳಬಹುದಿತ್ತು. "ಹಾಕ್ಕೋ ಅಂತ ಹೇಳಲಿಲ್ಲವ್ವಾ. ಹೆಂಗ ಕೆಲಸ ಮಾಡತೈತಿ ಅಂತ ಕೇಳಿದ, ಹೇಳಿದೆ. ನಿನಗ ಆಗೂದಿಲ್ಲ ಅನ್ನೂದನ್ನ ಹೇಳಲಿಲ್ಲ."

"ಯಾಕ ಹೇಳಲಿಲ್ಲ?"

"ಅವಗ ಗೊತ್ತಿರತೈತಿ ಅಂದ್ಕೊಂಡೆ."

ನಾಗರತ್ನಾ ತಂಬಿಗೆಯಲ್ಲಿ ನೀರು ತಂದು ಹಿಡಿದಳು. ತಾಯಿ ಮುಟ್ಟಲಿಲ್ಲ. ಬಾಜೂ ಮನೆಯ ಸಾತವ್ವನನ್ನು ಕೂಗಿ ಕರೆದು, ನೀರು ಕೊಡು ಎಂದು ಅವಳನ್ನು ಕೇಳಿದಳು.