ಸೊಲಾಂಜಳ ಮುಂದಿನ ಬೆನ್ನು

ಮೊಂಬ್ರಿಯೆ ಊರಿನ ಸೈಕಲ್ ಸಂಘದಲ್ಲಿ ಎಲ್ಲರಿಗಿಂತ ನಿಧಾನದವನು ನಾನು. ಇದರಿಂದ ನನಗೆ ನಷ್ಟವೇನೂ ಆಗಿಲ್ಲ. ಮುಂದೆ ಹೋಗುವವರಿಗೆ ಕಾಣುವುದು ಬರೀ ರಸ್ತೆ. ಹಿಂದೆ ಉಳಿದವನಿಗೆ ಇಡೀ ಊರಿನ ಬೆನ್ನು ಕಾಣುತ್ತದೆ. ಇಷ್ಟು ವರ್ಷ ಈ ಊರಿನ ಶಾಲೆಯಲ್ಲಿ ಪಾಠ ಹೇಳಿಯೂ ಗೊತ್ತಾಗದ ಎಷ್ಟೋ ಸಂಗತಿ ನನಗೆ ತಿಳಿದದ್ದು ಜನರ ಬೆನ್ನು ನೋಡಿಯೇ.

ಭಾನುವಾರದ ಸವಾರಿಯಲ್ಲಿ ಯಾರ ಚಕ್ರದ ಹಿಂದೆ ಯಾರು ಎನ್ನುವುದು ಇಗರ್ಜಿಯ ಬೆಂಚಿನಷ್ಟೇ ಖಾಯಂ. ಮುಂದಿನವನು ಗಾಳಿಯನ್ನು ಸೀಳುತ್ತಾನೆ, ಹಿಂದಿನವನು ಅವನ ಬೆನ್ನಿನ ಮರೆಯಲ್ಲಿ ಅರ್ಧ ಶ್ರಮಕ್ಕೆ ಅಷ್ಟೇ ವೇಗವಾಗಿ ಹೋಗುತ್ತಾನೆ. ಕ್ಲೋವಿಸನ ಹಿಂದೆ ಅವನ ಹೆಂಡತಿ ಸೊಲಾಂಜ್. ಮದುವೆಗೆ ಮುಂಚಿನಿಂದಲೂ ಹೀಗೆಯೇ. ಮದುವೆಗೆ ಕಾರಣವೂ ಇದೇ ಇರಬೇಕು. ರಸ್ತೆಯಲ್ಲಿ ಗುಂಡಿ ಬಂದರೆ ಕ್ಲೋವಿಸ್ ಎಡಗೈಯನ್ನು ಸೊಂಟದ ಹಿಂದೆ ತಂದು ಎರಡು ಬೆರಳು ಚಿಮ್ಮಿಸುತ್ತಿದ್ದ, ಅಂಗಿಗೆ ಅಂಟಿದ ಇರುವೆ ಕೊಡವಿದ ಹಾಗೆ. ಸೊಲಾಂಜ್ ಪಕ್ಕಕ್ಕೆ ಸರಿಯುತ್ತಿದ್ದಳು. ಮಾತಿಲ್ಲ, ಕತೆಯಿಲ್ಲ. "ನನ್ನ ಹೆಂಡ್ತಿ ಮದುವೆ ಆದ್ಮೇಲೆ ಗಾಳಿ ಮುಖಾನೇ ನೋಡಿಲ್ಲ" ಎಂದು ಕ್ಲೋವಿಸ್ ಹೇಳಿಕೊಳ್ಳುತ್ತಿದ್ದ. ಟ್ರ್ಯಾಕ್ಟರ್ ಟೈರು ಮಾರಿ ಸಂಪಾದಿಸಿದ್ದರ ಬಗ್ಗೆ ಅವನಿಗೆ ಇಷ್ಟು ಹೆಮ್ಮೆ ಇರಲಿಲ್ಲ.

ವಸಂತದಲ್ಲಿ ವೌಟರ್ ಬಂದ. ದೂರದ ಉತ್ತರದ ಬಯಲುಸೀಮೆ, ಗೆಂಟ್ ಕಡೆಯವನು, ಹೆಂಡತಿ ತೀರಿಕೊಂಡ ಮೇಲೆ ನಮ್ಮೂರಿನ ಹಳೆಯ ಪಾದ್ರಿಮನೆ ಕೊಂಡು ರಿಪೇರಿ ಮಾಡಿಸುತ್ತಿದ್ದ. ಮಾತು ಕಡಿಮೆ, ನಗು ಜಾಸ್ತಿ, ಬೆನ್ನು ಬೀರುವಿನಷ್ಟು ಅಗಲ.

ಮೇ ತಿಂಗಳಲ್ಲಿ ಒತಾನ್ ಗಾಳಿ ಎದ್ದಿತು. ಅದು ಬೀಸುವಾಗ ಬಾತುಕೋಳಿಗಳೂ ಜಗಳಾಡುತ್ತವೆ. ಆ ಭಾನುವಾರ ಲಾಬಾರ್ತ್ ಹಳ್ಳಿ ದಾಟಿದ ಮೇಲೆ ಸಿಗುವ ಬಯಲಿನಲ್ಲಿ, ಗೋಧಿ ಎಲ್ಲ ಒಂದೇ ಕಡೆ ಮಲಗಿದ್ದಾಗ, ಸೊಲಾಂಜ್ ಗಂಡನ ಚಕ್ರದ ಹಿಂದಿನಿಂದ ಮೆಲ್ಲನೆ ಪಕ್ಕಕ್ಕೆ ಸರಿದು, ಎರಡು ಸಲ ಜೋರಾಗಿ ತುಳಿದು, ಮುಂದಿದ್ದ ವೌಟರನ ಹಿಂದೆ ಹೋಗಿ ಸೇರಿಕೊಂಡಳು. ನೋಡಿದವನು ನಾನೊಬ್ಬನೇ. ತಲೆ ತಗ್ಗಿಸಿ ಗಾಳಿಯೊಡನೆ ಗುದ್ದಾಡುತ್ತಿದ್ದ ಕ್ಲೋವಿಸನಿಗೆ ಗೊತ್ತೇ ಆಗಲಿಲ್ಲ. ಅವನು ಮುಂದಿನ ಗುಂಡಿಗೆ ಬೆರಳು ಚಿಮ್ಮಿಸಿದ. ಆ ಸೂಚನೆ ಖಾಲಿ ರಸ್ತೆಯನ್ನು ದಾಟಿ ನನ್ನವರೆಗೆ ಬಂತು, ನಾನು ಸರಿದುಕೊಂಡೆ.

ತಿರುವಿನಲ್ಲಿ ಅವನು ಹಿಂದೆ ನೋಡಿದ. ಆಮೇಲೆ ಮುಂದೆ ನೋಡಿದ. ಬೀರು ಹೋಗುತ್ತಿತ್ತು, ಅದರ ಹಿಂದೆ ಅವನ ಹೆಂಡತಿ.

ಸವಾರಿ ಮುಗಿದ ಮೇಲೆ ನಾವೆಲ್ಲ ಸೇರುವುದು ಲೀದಿಯ ಕೆಫೆಯಲ್ಲಿ. ಲೀದಿ ಕಾಫಿಗಿಂತ ಮೊದಲು ಬಾಯಿ ಕೊಡುವವಳು.

"ಏನಪ್ಪಾ ಕ್ಲೋವಿಸ್, ನಿನ್ನ ಬೆನ್ನು ಬಾಡಿಗೆಗೆ ಖಾಲಿ ಇದೆಯಂತಲ್ಲ?"

"ಗಾಳಿ ಜೋರಿತ್ತು. ಅಗಲ ಇರೋ ಕಡೆ ಹೋದ್ಳು. ಅದರಲ್ಲೇನಿದೆ?"

"ಹೌದೌದು, ಅದರಲ್ಲೇನಿದೆ" ಎಂದು ಲೀದಿ ಮೇಜು ಒರೆಸಿದಳು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು.

ಮುಂದಿನ ಭಾನುವಾರ ಗಾಳಿ ಇರಲಿಲ್ಲ. ಸೊಲಾಂಜ್ ವೌಟರನ ಹಿಂದೆಯೇ ಇದ್ದಳು.

ಆಮೇಲೆ ನಾನು ಕಂಡದ್ದನ್ನು ಕಂಡ ಹಾಗೆಯೇ ಬರೆಯುತ್ತೇನೆ. ಜೂನಿನ ಸುಡುಬಿಸಿಲಿನಲ್ಲಿ ಕ್ಲೋವಿಸ್ ಮಳೆಕೋಟು ಹಾಕಿಕೊಂಡು ಬಂದ. "ಬೆಳಗ್ಗೆ ಮೋಡ ಇತ್ತು" ಎಂದ. ಕೋಟು ಗಾಳಿಗೆ ಉಬ್ಬಿ ಅವನ ಬೆನ್ನು ನಿಜಕ್ಕೂ ಅಗಲವಾಯಿತು, ಅದರ ಜೊತೆಗೆ ಅವನ ವೇಗ ಅರ್ಧಕ್ಕಿಳಿಯಿತು. ಮೊದಲ ಬಾರಿಗೆ ನಾನು ಸಂಘದಲ್ಲಿ ಒಬ್ಬರನ್ನು ಹಿಂದೆ ಹಾಕಿದೆ. ಬೆವರು ಸುರಿಸುತ್ತಾ ಅವನು ಕೂಗಿದ: "ಮೇಷ್ಟ್ರೇ, ಆ ಬೆನ್ನಲ್ಲಿ ಅಂಥಾದ್ದೇನಿದೆ, ನೀವಾದ್ರೂ ಹೇಳಿ!" ನನಗೆ ಉಸಿರಿರಲಿಲ್ಲ, ಹಾಗಾಗಿ ಹೇಳದೆ ಪಾರಾದೆ.

ಮನೆಯಲ್ಲಿ ಅವನು ಕೇಳಿದ್ದೂ ಉಂಟಂತೆ. ಸೊಲಾಂಜ್ ಸಲಾಡ್ ತೊಳೆಯುತ್ತಾ, "ಚೆನ್ನಾಗಿ ಹೋಗ್ತಾನೆ" ಎಂದಳಂತೆ. ಇದನ್ನು ಕ್ಲೋವಿಸ್ ನನಗೆ ಹಲವು ಸಲ ಹೇಳಿದ. "ಚೆನ್ನಾಗಿ ಅಂದ್ರೆ ಏನ್ ಮೇಷ್ಟ್ರೇ ಅರ್ಥ? ಎರಡು ಗ್ಲಾಸ್ ವೈನ್ ಕುಡಿದ್ರೂ ನನಗೆ ಅರ್ಥ ಆಗ್ಲಿಲ್ಲ." ವೌಟರ್ ಅವರ ಮನೆಗೆ ಒಂದು ಬುಟ್ಟಿ ಪ್ಲಮ್ ಕಳಿಸಿದಾಗ ಕ್ಲೋವಿಸ್ ಅದನ್ನು ಮುಟ್ಟಲಿಲ್ಲ. ಸೊಲಾಂಜ್ ಜಾಮ್ ಮಾಡಿದಳು. ಅವನು ಜಾಮನ್ನೂ ಮುಟ್ಟಲಿಲ್ಲ. ಅದು ಎಷ್ಟು ಚೆನ್ನಾಗಿತ್ತು ಎಂದು ಅವಳು ಹೇಳಿದ್ದನ್ನು ಮಾತ್ರ ಮರೆಯಲಿಲ್ಲ.

ನಮ್ಮ ಸಂಘದ ದೊಡ್ಡ ಸವಾರಿ ಸೆಪ್ಟೆಂಬರಿನಲ್ಲಿ. ಸುತ್ತಲಿನ ಊರಿನ ಸಂಘಗಳೂ ಬರುತ್ತವೆ. ದಾರಿ ಗೊತ್ತುಮಾಡುವುದು, ಹಿಂದಿನ ದಿನ ರಸ್ತೆಯ ಮೇಲೆ ಹಳದಿ ಬಾಣದ ಗುರುತು ಬಳಿಯುವುದು, ಎರಡೂ ಕ್ಲೋವಿಸನ ಕೆಲಸ. ದಾರಿ ಪ್ರತಿ ವರ್ಷ ಹೊಳೆಯ ದಂಡೆ ಹಿಡಿದೇ ಹೋಗುತ್ತಿತ್ತು. ಈ ಸಲ ಅವನು ನನ್ನನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಕಾಬ್ರೆತ್ ದಿಬ್ಬದ ಬುಡಕ್ಕೆ ಕರೆದೊಯ್ದ. ಅದು ಆಡು ಹತ್ತಲೆಂದು ಮಾಡಿದ ರಸ್ತೆ. ಟಾರು ಹಾಕಿದವರು ಯಾಕೆ ಹಾಕಿದರೋ ತಿಳಿಯದು.

"ಇಲ್ಲಿ ಬಾಣ ಬಳಿಯೋದಾ?" ಎಂದೆ.

"ಇಲ್ಲೇ. ನೋಡಿ ಮೇಷ್ಟ್ರೇ, ಈ ದಿಬ್ಬದಲ್ಲಿ ಗಾಳಿಯ ಲೆಕ್ಕವೇ ಇಲ್ಲ. ಎಲ್ಲಾ ಭಾರದ್ದೇ ಲೆಕ್ಕ. ಆ ಬೀರು ಇದನ್ನ ಹೊತ್ಕೊಂಡು ಹತ್ಲಿ, ನೋಡೋಣ. ಅರ್ಧಕ್ಕೇ ನಿಲ್ತಾನೆ. ಆಗ ಅವಳು ಯಾರ ಹಿಂದೆ ಬರ್ತಾಳೆ?"

ಅವನು ಮಂಡಿಯೂರಿ ಬಾಣ ಬಳಿದ. ಬಣ್ಣದ ಡಬ್ಬ ಹಿಡಿದು ನಿಂತಿದ್ದ ನನಗೆ ಅವನ ಲೆಕ್ಕದಲ್ಲಿ ಒಂದು ದೋಷ ಕಂಡಿತು: ಗಾಳಿಯ ಲೆಕ್ಕ ಇಲ್ಲದ ಕಡೆ ವೌಟರನ ಬೆನ್ನಿಗೆ ಬೆಲೆ ಇಲ್ಲ ನಿಜ, ಆದರೆ ಕ್ಲೋವಿಸನ ಬೆನ್ನಿಗೆ ತಾನೇ ಎಲ್ಲಿದೆ? ಅಷ್ಟರಲ್ಲಿ ಅವನು ಬೇರೆ ವಿಷಯ ತೆಗೆದ.

"ಈಗಿನ ಸಾಮಾನಿಗೆ ಗುಣವೇ ಇಲ್ಲ ಬಿಡಿ. ಸೊಲಾಂಜಳ ಸೈಕಲ್ಲಿಗೆ ಚಳಿಗಾಲದಲ್ಲಿ ಎರಡು ಸಲ ಬ್ರೇಕ್ ರಬ್ಬರ್ ಹಾಕ್ದೆ. ಬೆಣ್ಣೆ ಥರ ಸವೀತು. ಅಂಗಡಿಯವನಿಗೆ ಚೆನ್ನಾಗಿ ಉಗಿದೆ."

ಕಳೆದ ಚಳಿಗಾಲವಿಡೀ ಅವಳ ಹಿಂದೆ ಸೈಕಲ್ ತುಳಿದವನು ನಾನು. ಆ ರಬ್ಬರು ಯಾಕೆ ಸವೆಯಿತು ಎಂದು ನನ್ನ ಕಿವಿಗೆ ಗೊತ್ತಿತ್ತು. ಆದರೆ ಕ್ಲೋವಿಸ್ ನನ್ನನ್ನು ಕೇಳಲಿಲ್ಲ.

ಮರುದಿನ ಎಲ್ಲವೂ ಅವನು ಅಂದುಕೊಂಡಂತೆಯೇ ನಡೆಯಿತು, ಸ್ವಲ್ಪ ದೂರದವರೆಗೆ. ಬೇರೆ ಊರಿನವರು ಬಾಣ ನೋಡಿ ಬೈದುಕೊಳ್ಳುತ್ತಾ ಹತ್ತಿ ಹೋದರು. ವೌಟರ್ ಮೊದಲ ತಿರುವಿನಲ್ಲಿ ಕೆಂಪಾದ, ಎರಡನೆಯದರಲ್ಲಿ ನೇರಳೆಯಾದ, ಮೂರನೆಯದರಲ್ಲಿ ಇಳಿದು ನಗುತ್ತಾ ಸೈಕಲ್ ತಳ್ಳತೊಡಗಿದ. ನಾನು ಬುಡದಲ್ಲೇ ಇಳಿದಿದ್ದರಿಂದ ನಮಗೆ ಜೊತೆಯಾಯಿತು.

"ಮೇಷ್ಟ್ರೇ, ಈ ದಾರಿ ಯಾರು ಹುಡುಕಿದ್ದು?"

"ಕ್ಲೋವಿಸ್."

"ತುಂಬಾ ಚೆನ್ನಾಗಿದೆ. ನಮ್ಮ ಕಡೆ ಇಂಥಾ ನೋಟ ಎಲ್ಲಿ ಸಿಗುತ್ತೆ!" ಅವನಿಗೆ ಅದರಲ್ಲಿ ಬೇರೇನೂ ಕಾಣಲಿಲ್ಲ.

ಮೇಲಿನ ತಿರುವಿನಲ್ಲಿ ಕ್ಲೋವಿಸ್ ಹಿಂದೆ ತಿರುಗಿ ನಮ್ಮನ್ನು ನೋಡಿದ. ಅವನ ಮುಖದಲ್ಲಿ ಇಡೀ ಬೇಸಿಗೆಯಲ್ಲಿ ಕಾಣದ ಬೆಳಕು. "ಬಾ ಸೊಲಾಂಜ್! ನನ್ನ ಚಕ್ರ ಹಿಡಿ!" ಎಂದು ಕೂಗಿದ್ದು ಕಣಿವೆಗೆಲ್ಲ ಕೇಳಿಸಿತು.

ಅವಳು ಬಂದಳು. ಅವನ ಚಕ್ರ ಹಿಡಿದಳು. ಸ್ವಲ್ಪ ಹೊತ್ತು ಅವನ ಹಿಂದೆಯೇ ಆಚೆ ಈಚೆ ಓಲಾಡಿದಳು, ಬೀಳದಿರಲು ಹೆಣಗುವವಳ ಹಾಗೆ. ಆಮೇಲೆ ಪಕ್ಕಕ್ಕೆ ಬಂದು, "ನೀನು ಮೆಲ್ಲಗೆ ಬಾ, ಮೇಲೆ ಕಾಯ್ತಿರ್ತೀನಿ" ಎಂದು ಹೇಳಿ ಹೋಗಿಬಿಟ್ಟಳು. ಅವಳು ಸೀಟಿನಿಂದ ಏಳಲೂ ಇಲ್ಲ.

ನಾವು ತಳ್ಳಿಕೊಂಡು ಮೇಲೆ ಮುಟ್ಟಿದಾಗ ಅವಳು ಕಲ್ಲಿನ ಶಿಲುಬೆಯ ಕಟ್ಟೆಯ ಮೇಲೆ ಕೂತು ಸೇಬಿನ ಕಡುಬು ತಿನ್ನುತ್ತಿದ್ದಳು. ಕ್ಲೋವಿಸ್ ಎದುರಿಗೆ ನಿಂತು ಏದುಸಿರು ಬಿಡುತ್ತಿದ್ದ.

"ನನ್ನನ್ನೇ ಬಿಟ್ಟು ಬಂದ್ಯಲ್ಲೇ!"

"ಏನ್ ಮಾಡ್ಲಿ? ನಿನ್ನಷ್ಟು ನಿಧಾನ ಹತ್ತಿದ್ರೆ ನಾನು ಬಿದ್ದೇ ಹೋಗ್ತಿದ್ದೆ."

"ಮತ್ತೆ ಇಷ್ಟು ವರ್ಷ ನನ್ನ ಹಿಂದೆ ಹೇಗೆ ಬಂದೆ?"

"ಇಷ್ಟು ವರ್ಷ ಸರಿಯಾಗೇ ಬಂದೆ. ಹೋದ ವರ್ಷದಿಂದ ಬ್ರೇಕ್ ಹಿಡ್ಕೊಂಡು ಬರ್ತಿದ್ದೆ."

ಕ್ಲೋವಿಸ್ ಅವಳ ಸೈಕಲ್ ಕಡೆ ನೋಡಿದ. ಅವನೇ ಹಾಕಿದ ರಬ್ಬರು.

"ಹೂಂ, ಅದೇ" ಎಂದಳು ಸೊಲಾಂಜ್. "ಪಾಪ, ಅಂಗಡಿಯವನಿಗೆ ನೀನು ಸುಮ್ನೆ ಬೈದೆ."

"ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀನು ಏನೋ ಒಂದು ಮಾಡ್ತಿದ್ದೆ. ಹೇಳ್ದೇನೇ ಮಳೆಕೋಟು ಹಾಕ್ಕೊಂಡೆ."

ಕ್ಲೋವಿಸ್ ವೌಟರನತ್ತ ಒಮ್ಮೆ ನೋಡಿದ. ವೌಟರ್ ಕಣಿವೆಯನ್ನು ನೋಡುತ್ತಿದ್ದ. ಕ್ಲೋವಿಸ್ ದನಿ ತಗ್ಗಿಸಿದ, ನನಗೆ ಕೇಳದಷ್ಟೇನೂ ಅಲ್ಲ.

"ಮತ್ತೆ ಅವನು?"

"ಅವನ ಹಿಂದೆ ಬ್ರೇಕ್ ಬೇಕಾಗಲ್ಲ."

"ಅಷ್ಟೇನಾ?"

"ಇನ್ನೇನು? ಮೇ ತಿಂಗಳಿಂದ ಅವನ ಬೆನ್ನು ನೋಡಿದ್ದೀನಿ ಕಣೋ. ಮುಖ ಹೇಗಿದೆ ಅಂತ ಕೇಳಿದ್ರೆ ನನಗೆ ಗೊತ್ತಿಲ್ಲ." ಉಳಿದ ಕಡುಬಿನ ತುಂಡನ್ನು ಅವನ ಕೈಗಿಟ್ಟಳು. "ತಿನ್ನು. ಇಳಿದ ಮೇಲೆ ಗಾಳಿ ಎದುರಿಗೆ ಬರುತ್ತೆ. ನಾನು ಮುಂದೆ ಹೋಗ್ತೀನಿ, ನೀನು ನನ್ನ ಹಿಂದೆ ಬಾ."

ದಿಬ್ಬದ ಆಚೆ ಬಯಲು. ಸೂರ್ಯಕಾಂತಿಗಳು ಕಪ್ಪು ತಲೆ ಬಗ್ಗಿಸಿ ನಿಂತಿದ್ದವು. ಒತಾನ್ ಗಾಳಿ ನೇರ ಮುಖಕ್ಕೆ. ಸೊಲಾಂಜ್ ಮುಂದೆ, ಕ್ಲೋವಿಸ್ ಅವಳ ಹಿಂದೆ. ಅವಳ ಬೆನ್ನು ಎಷ್ಟು ಸಣ್ಣದೆಂದರೆ, ಅದರ ಮರೆಯಲ್ಲಿ ಬೆಕ್ಕು ನಿಂತರೂ ಬಾಲ ಹೊರಗೆ ಉಳಿಯುತ್ತದೆ. ಕ್ಲೋವಿಸ್ ಹ್ಯಾಂಡಲ್ಲಿಗೆ ಗಲ್ಲ ತಾಗುವಷ್ಟು ಬಗ್ಗಿದ್ದ. ಎರಡೂ ಭುಜಕ್ಕೆ ಗಾಳಿ ಬಡಿಯುತ್ತಿತ್ತು.

ವೌಟರ್ ಅವನ ಪಕ್ಕಕ್ಕೆ ಬಂದು ಸ್ನೇಹದಿಂದ ಹೇಳಿದ: "ನೀವು ನನ್ನ ಹಿಂದೆ ಬನ್ನಿ, ಆರಾಮಾಗಿರುತ್ತೆ. ಆ ಜಾಗದಲ್ಲಿ ನಾನಿರ್ತೀನಿ."

"ಬೇಡ."

"ಅಲ್ಲಿ ಗಾಳಿ ತಡೆಯೋಕೆ ಏನೂ ಇಲ್ವಲ್ಲ!"

"ಇದು ನನ್ನ ಚಕ್ರ" ಎಂದ ಕ್ಲೋವಿಸ್, ಹಲ್ಲು ಕಚ್ಚಿಕೊಂಡು.

ವೌಟರ್ ನಗುತ್ತಾ ಕ್ಲೋವಿಸನ ಹಿಂದಕ್ಕೆ ಸರಿದ, ಅವನ ಹಿಂದೆ ನಾನು ಸೇರಿಕೊಂಡೆ. ಆ ಬೆನ್ನಿನ ಮರೆಯಲ್ಲಿ ಎಂಥ ಸುಖ! ಕೋಣೆಯ ಬಾಗಿಲು ಮುಚ್ಚಿದ ಹಾಗೆ ಗಾಳಿ ನಿಂತುಹೋಯಿತು. ಕ್ಲೋವಿಸ್ ಬೇಸಿಗೆಯಿಡೀ ಕೇಳಿದ ಪ್ರಶ್ನೆಗೆ ನನ್ನ ಬಳಿ ಈಗ ಉತ್ತರವಿತ್ತು. ಹೇಳುವ ಧೈರ್ಯ ಇರಲಿಲ್ಲ.

ಊರಿನ ಗಂಟೆಗೋಪುರ ಕಂಡಾಗ ಸೊಲಾಂಜಳ ಎಡಗೈ ಸೊಂಟದ ಹಿಂದೆ ಬಂತು. ಎರಡು ಬೆರಳು, ಇರುವೆ ಕೊಡವಿದ ಹಾಗೆ. ಕ್ಲೋವಿಸ್ ಬಲಕ್ಕೆ ಸರಿದ. ಅವನ ಎಡಗೈಯೂ ಅಭ್ಯಾಸದಂತೆ ಹ್ಯಾಂಡಲ್ ಬಿಟ್ಟು ಹಿಂದೆ ಹೊರಟಿತು. ಅರ್ಧದಲ್ಲಿ ನಿಂತಿತು. ಆಮೇಲೆ ಮೆಲ್ಲನೆ ಹ್ಯಾಂಡಲ್ಲಿಗೇ ಮರಳಿತು.

ದಡಕ್ಕೆಂದು ಸದ್ದಾಯಿತು, ಆಮೇಲೆ ವೌಟರನ ಟೈರಿನಿಂದ ಉದ್ದನೆಯ ನಿಟ್ಟುಸಿರು.

"ಅಯ್ಯೋ, ಗುಂಡಿ ಇತ್ತಾ?" ಎಂದ ವೌಟರ್, ಇಳಿದು ನಿಂತು.

ಕ್ಲೋವಿಸ್ ತಿರುಗಿ ನೋಡಲಿಲ್ಲ. ಗಾಳಿಗೆ ಬಗ್ಗಿದ ಅವನ ಬೆನ್ನು, ಅವಳ ಚಕ್ರದಿಂದ ಒಂದು ಗೇಣೂ ಕದಲದೆ, ಊರಿನ ಕಡೆ ಹೋಗುತ್ತಿತ್ತು. ಆ ಬೆನ್ನು ಹಾಗೆ ಹಿಗ್ಗಿದ್ದನ್ನು ನಾನು ಮಳೆಕೋಟಿನಲ್ಲೂ ನೋಡಿರಲಿಲ್ಲ.