ಮೂರು ಕಂತು ಒಟ್ಟಿಗೆ ಕಟ್ಟಿದ ಬಡಗಿ

ಬ್ಯಾಂಕಿಗೆ ಹೋಗಿದ್ದ ಬಡಗಿ ಮನೆಗೆ ಬಂದವನೇ ಚಪ್ಪಲಿ ಬಿಡಲಿಲ್ಲ, ಎಸೆದ. ಒಂದು ಬಾಗಿಲ ಬಳಿ ಬಿತ್ತು, ಇನ್ನೊಂದು ಮೆಟ್ಟಿಲು ಇಳಿದು ಬೀದಿಗೆ ಹೋಯಿತು.

"ಏನಾಯ್ತು ರೀ?" ಅಂದಳು ಹೆಂಡತಿ.

"ಏನಾಗ್ಬೇಕು? ಸಾಲ ಕೊಡಲ್ವಂತೆ. ನನ್ನನ್ನ ನಂಬೋದು ಕಷ್ಟ ಅಂತೆ. ನನ್ನನ್ನ! ಈ ಬೀದೀಲಿ ಯಾರಿಗಾದ್ರೂ ಒಂದು ಕಾಸು ಮುಳುಗಿಸಿದೀನಾ ನಾನು?"

ಮುಳುಗಿಸಿರಲಿಲ್ಲ, ಅದಂತೂ ನಿಜ. ಟಿಂಬರ್ ಅಂಗಡಿಯವನು ಇವನನ್ನು ಕಂಡರೆ ಎದ್ದು ಕುರ್ಚಿ ಕೊಡುತ್ತಿದ್ದ. ಬೀರು ಮಾಡಿ ಮನೆ ತಲುಪಿಸಿದ ದಿನ ಗಿರಾಕಿ ಪೂರ್ತಿ ದುಡ್ಡು ಕೊಡಬೇಕು, ಅದೇ ಸಂಜೆ ಇವನು ಟಿಂಬರ್ ಅಂಗಡಿಯ ಲೆಕ್ಕ ಪೂರ್ತಿ ತೀರಿಸಬೇಕು. ಇದು ಅವನ ಪದ್ಧತಿ. ಚೂರುಪಾರು ಕೊಡುವುದು, ಚೂರುಪಾರು ಈಸಿಕೊಳ್ಳುವುದು ಅಂದರೆ ಮೈಯೆಲ್ಲ ಉರಿ.

ಸಾಲ ಬೇಕಾಗಿದ್ದದ್ದು ಮಷೀನಿಗೆ. ಹಿಂದಿನ ಬೀದಿಯ ಹಳೇ ಮೇಸ್ತ್ರಿಗೆ ಕೈ ನಡುಗಲು ಶುರುವಾಗಿ ಕೆಲಸ ಬಿಡುವವನಿದ್ದ. ಹಲಗೆ ಕೊಯ್ದು ನುಣುಪು ಮಾಡುವ ಅವನ ದೊಡ್ಡ ಮಷೀನು ಮಾರಾಟಕ್ಕಿತ್ತು. ಒಬ್ಬ ವ್ಯಾಪಾರಿ ಆಗಲೇ ಬೆಲೆ ಕೇಳಿಹೋಗಿದ್ದ. ಇತ್ತ ಬಡಗಿಯ ಬಲಭುಜ ಹೋದ ವರ್ಷದಿಂದ ಕೈಕೊಟ್ಟಿತ್ತು. ಕೈಯಲ್ಲಿ ಹಲಗೆ ಉಜ್ಜುವುದು ಹೀಗೇ ನಡೆದರೆ ತೋಳು ಎತ್ತುವುದೇ ಕಷ್ಟವಾಗುತ್ತೆ ಅಂತ ಡಾಕ್ಟರು ಹೇಳಿದ್ದರು. ಆ ಮಷೀನು ಕೈತಪ್ಪಿದರೆ ಕಸುಬೇ ಕೈತಪ್ಪಿದ ಹಾಗೆ.

ಅಷ್ಟರಲ್ಲಿ ಬಡಗಿಯ ಅಕ್ಕ ಬಂದಳು. ಮುಖ್ಯ ರಸ್ತೆಯಲ್ಲಿ ಅವಳದೊಂದು ಬೇಕರಿ. ಮೊಣಕೈವರೆಗೆ ಮೈದಾ ಹಿಟ್ಟು, ಕಂಕುಳಲ್ಲಿ ಬ್ರೆಡ್ಡು, ಕೈಯಲ್ಲಿ ಬೀದಿಗೆ ಹೋಗಿದ್ದ ಚಪ್ಪಲಿ.

"ಏನೋ ಇದು? ಚಪ್ಪಲಿಗೆ ಕಾಲು ಬಂದಿದೆಯಲ್ಲ!"

ವಿಷಯ ಕೇಳಿ ಅವಳು ನಗಲಿಲ್ಲ. "ಫ್ರಿಜ್ಜನ್ನ ಕಂತಿನ ಮೇಲೆ ತಂದಿದ್ದೆಯಲ್ಲ, ಹೇಗೆ ಕಟ್ತಾ ಇದೀಯ?"

"ರಾಜನ ಥರ ಕಟ್ತಾ ಇದೀನಿ. ತಿಂಗಳು ತಿಂಗಳು ಹೋಗಿ ಚಿಲ್ಲರೆ ಎಣಿಸೋ ಗಿರಾಕಿ ಅಲ್ಲ ನಾನು. ಮೂರು ಕಂತು ಕೂಡಿದ ಮೇಲೆ ಹೋಗೋದು, ದಂಡ ಸೇರಿಸಿ ಟೇಬಲ್ ಮೇಲೆ ಪಟ್ ಅಂತ ಇಡೋದು, ಎದ್ದು ಬರೋದು."

"ದಂಡ ಯಾಕೆ ಹಾಕ್ತಾರೆ ಅಂತ ಯೋಚನೆ ಮಾಡ್ಲಿಲ್ವಾ?"

"ಒಟ್ಟಿಗೆ ಕಟ್ಟೋ ಸೌಕರ್ಯಕ್ಕೆ ಅಂದ್ಕೊಂಡೆ. ಬಾಡಿಗೆ ಇದ್ದ ಹಾಗೆ."

ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಗು ನಿಲ್ಲಲಿಲ್ಲ.

"ನೀನು ನಗಬೇಡ ಕಣೇ!"

"ಅವಳು ನಗಲಿ ಬಿಡು," ಅಂದಳು ಅಕ್ಕ. "ನೋಡು, ದಿನಾ ಬೆಳಿಗ್ಗೆ ಬ್ರೆಡ್ ಕೊಡ್ತೀನಿ ಅಂತ ಹೋಟೆಲಿನವನಿಗೆ ಮಾತು ಕೊಟ್ಟಿದೀನಿ. ಎರಡು ದಿನ ಆ ಕಡೆ ತಲೆ ಹಾಕದೆ, ಮೂರನೇ ದಿನ ಮೂರೂ ದಿನದ್ದು ಹೊತ್ಕೊಂಡು ಹೋದ್ರೆ ಅವನು ಏನಂತಾನೆ? ಬನ್ನಿ ಮಹಾರಾಣಿ ಅಂತಾನಾ?"

"ಅಟ್ಟಾಡಿಸಿ ಹೊಡೀತಾನೆ."

"ಹಾಗೇ ಇದೂನು. ನೀನು ಎಷ್ಟು ಕಟ್ಟಿದೆ ಅನ್ನೋದರ ಜೊತೆಗೆ ಯಾವತ್ತು ಕಟ್ಟಿದೆ ಅಂತಾನೂ ಬರೆದಿಡ್ತಾರಪ್ಪ. ಆ ದಂಡ ಬಾಡಿಗೆ ಅಲ್ಲ, ತಡ ಮಾಡಿದ್ದಕ್ಕೆ ಬಿದ್ದ ಗುದ್ದು. ಸಾಲದ ವರದಿ ಅಂತ ಒಂದಿರತ್ತೆ. ಅದು ಟಿಂಬರ್ ಅಂಗಡಿಯವನನ್ನ ಕೇಳಲ್ಲ, ನಿನ್ನ ಗತ್ತು ನೋಡಲ್ಲ. ಬರೀ ತಾರೀಖು ನೋಡತ್ತೆ. ಅದನ್ನ ನೋಡಿ ನಿನಗೊಂದು ಅಂಕ ಹಾಕ್ತಾರೆ, ಕ್ರೆಡಿಟ್ ಸ್ಕೋರ್ ಅಂತ. ಬ್ಯಾಂಕಿನವರು ಮೊದಲು ನೋಡೋದೇ ಅದನ್ನ."

ಬಡಗಿ ಅಕ್ಕನ ಕೈಯಿಂದ ಚಪ್ಪಲಿ ತೆಗೆದುಕೊಂಡು ಬಾಗಿಲ ಬಳಿ ಜೋಡಿಸಿಟ್ಟ. ಆಮೇಲೆ ಮೆಲ್ಲಗೆ ಅಂದ, "ಅಲ್ಲಿಂದ ಸಿಟ್ಟಲ್ಲಿ ಇನ್ನೂ ನಾಲ್ಕು ಕಡೆ ಅರ್ಜಿ ಹಾಕಿ ಬಂದೆ."

ಅಕ್ಕ ಹಣೆ ಚಚ್ಚಿಕೊಂಡಳು. ಹಣೆಯೂ ಬೆಳ್ಳಗಾಯಿತು. "ಅಯ್ಯೋ ನನ್ನಪ್ಪಾ! ಅರ್ಜಿ ಹಾಕಿದ ಕಡೆಯವರೆಲ್ಲ ಆ ವರದಿ ತೆಗೆದು ನೋಡ್ತಾರೆ, ನೋಡಿದ್ದೂ ಅದರಲ್ಲಿ ದಾಖಲಾಗತ್ತೆ. ಒಂದೇ ದಿನ ಐದು ಬಾಗಿಲು ತಟ್ಟಿದವನನ್ನ ಕಂಡ್ರೆ ಯಾರಿಗಾದ್ರೂ ಅನುಮಾನ ಬರತ್ತೆ."

"ಬ್ಯಾಂಕಿನ ಹೊರಗೆ ಒಬ್ಬ ಸಿಕ್ಕಿದ್ದ. ದುಡ್ಡು ಕೊಟ್ರೆ ಹಳೇ ದಾಖಲೆಯೆಲ್ಲ ಅಳಿಸಿ ಹಾಕ್ತೀನಿ ಅಂದ."

"ಕೊಟ್ಯಾ?"

"ಜೇಬಲ್ಲಿ ಇರ್ಲಿಲ್ಲ."

"ಖಾಲಿ ಜೇಬು ನಿನ್ನನ್ನ ಕಾಪಾಡ್ತು. ಅಂಥವನು ಅಳಿಸೋದು ನಿನ್ನ ದುಡ್ಡನ್ನ ಮಾತ್ರ. ವರದೀಲಿ ತಪ್ಪಿದ್ರೆ ನಾವೇ ಬರೆದು ಕೇಳಿ ತಿದ್ದಿಸ್ಕೋಬಹುದು. ನಿಜವಾಗಿ ತಡ ಮಾಡಿದ್ದನ್ನ ಯಾವ ಮಂತ್ರವಾದಿಯೂ ಅಳಿಸಲಾರ."

"ಹಾಗಾದ್ರೆ ನನ್ನ ಕಥೆ ಮುಗೀತಾ?"

"ಯಾಕೆ ಮುಗಿಯತ್ತೆ? ನನ್ನ ಹೊಸ ಒಲೆ ಎಲ್ಲಿಂದ ಬಂತು ಅಂದ್ಕೊಂಡೆ? ಮೊದಲನೇ ಸಲ ನನ್ನನ್ನೂ ವಾಪಸ್ ಕಳಿಸಿದ್ರು. ಒಂದು ವರ್ಷ ಹೇಳಿದ ದಿನಕ್ಕೆ ಸರಿಯಾಗಿ ಕಟ್ಟಿ ತೋರಿಸಿದೆ, ಕೊಟ್ರು."

"ಒಂದು ವರ್ಷ ಆ ವ್ಯಾಪಾರಿ ಕಾಯ್ತಾನಾ? ತಿಂಗಳಿಗೊಂದು ಸಲ ಕಟ್ಟು ಅಂತೀಯ, ನನಗೆ ಸಂಬಳ ಬರತ್ತಾ? ಗಿರಾಕಿ ಕೊಟ್ಟಾಗ ಒಟ್ಟಿಗೆ ಬರತ್ತೆ, ಇಲ್ಲದಾಗ ಏನೂ ಇಲ್ಲ!"

ಅಲ್ಲಿವರೆಗೆ ನಗುತ್ತಿದ್ದ ಹೆಂಡತಿ ಈಗ ಬಾಯಿ ತೆಗೆದಳು. "ಒಟ್ಟಿಗೆ ಕೊಡೋದೇ ನಿಮಗೆ ಇಷ್ಟ ತಾನೇ? ಹಾಗಾದ್ರೆ ಮುಂಚೆ ಒಟ್ಟಿಗೆ ಇಡಿ ರೀ. ಬೀರು ದುಡ್ಡು ಬಂದ ದಿನವೇ ಮುಂದಿನ ಮೂರು ತಿಂಗಳ ಕಂತು ಬೇರೆ ಖಾತೆಗೆ ಹಾಕಿ. ಬ್ಯಾಂಕಿನವರು ತಾರೀಖಿಗೆ ಸರಿಯಾಗಿ ತಾವೇ ತೊಗೊಳ್ಳೋ ಹಾಗೆ ಬರೆದುಕೊಡೋಣ. ಆ ಖಾತೆ ನಾನು ನೋಡ್ಕೋತೀನಿ. ನೀವು ಅದರ ಹತ್ತಿರ ಸುಳಿಯಬೇಡಿ."

ಅಕ್ಕ ಅವಳ ಬೆನ್ನು ತಟ್ಟಿದಳು. ಸೀರೆಯ ಮೇಲೆ ಹಿಟ್ಟಿನ ಐದು ಬೆರಳು ಮೂಡಿದವು.

ಮಾರನೇ ದಿನ ಗಂಡ ಹೆಂಡತಿ ಮೇಸ್ತ್ರಿಯ ಶೆಡ್ಡಿಗೆ ಹೋದರು. ಬಡಗಿ ನಡೆದದ್ದನ್ನೆಲ್ಲ ಮುಚ್ಚಿಡದೆ ಹೇಳಿ, "ಬ್ಯಾಂಕು ಒಪ್ಪೋವರೆಗೆ ಮಷೀನು ಬಾಡಿಗೆಗೆ ಕೊಡಿ ಮೇಸ್ತ್ರಿಗಳೇ," ಅಂದ.

ಮುದುಕ ಮರದ ಪುಡಿಯ ಗುಡ್ಡೆಯ ಪಕ್ಕ ಸ್ಟೂಲ್ ಮೇಲೆ ಕೂತಿದ್ದ. "ಬಾಡಿಗೆ ಎಷ್ಟಾದ್ರೂ ಕೊಡು. ನನಗೆ ಬೇಕಾಗಿರೋದು ತಾರೀಖು ಕಣಯ್ಯ. ಪ್ರತಿ ತಿಂಗಳು ಐದನೇ ತಾರೀಖು ಔಷಧಿ ಅಂಗಡಿಗೆ ಹೋಗ್ತೀನಿ. ಆವತ್ತು ನೀನು ಬರ್ಲಿಲ್ಲ ಅಂದ್ರೆ ಆರನೇ ತಾರೀಖು ವ್ಯಾಪಾರಿಗೆ ಫೋನು. ಆಮೇಲೆ ಅತ್ತು ಕರೆದು ಮಾಡಿದ್ರೆ ಕೇಳಲ್ಲ."

"ಬರ್ತಾರೆ," ಅಂದಳು ಹೆಂಡತಿ, ಬಡಗಿ ಬಾಯಿ ತೆರೆಯುವ ಮುಂಚೆ.

ಮಷೀನಿನಿಂದ ಕೆಲಸ ಬೇಗ ಸಾಗಿತು, ಭುಜಕ್ಕೂ ಬಿಡುವು ಸಿಕ್ಕಿತು. ಆದರೆ ಒಂದು ತಿಂಗಳು ದೊಡ್ಡ ಮನೆಯ ಗಿರಾಕಿಯೊಬ್ಬ ಸತಾಯಿಸಿಬಿಟ್ಟ. ಬೀರು ತಂದಿಟ್ಟಾಗಿದೆ, ದುಡ್ಡು ಮಾತ್ರ ನಾಳೆ, ನಾಡಿದ್ದು. ನಾಲ್ಕನೇ ತಾರೀಖು ಬಡಗಿ ಅವನ ಗೇಟಿನ ಮುಂದೆ ನಿಂತು ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿ ಬರಿಗೈಯಲ್ಲಿ ಮನೆಗೆ ಬಂದ.

"ಮುಗೀತು. ಮಷೀನು ಹೋಯ್ತು."

"ಯಾಕೆ ಹೋಗತ್ತೆ? ಇಲ್ಲಿದೆ ನೋಡಿ," ಅಂತ ಹೆಂಡತಿ ಬಾಡಿಗೆಯನ್ನು ಕೈಗಿಟ್ಟಳು. ಬೇರೆ ಖಾತೆಯಲ್ಲಿ ಫ್ರಿಜ್ಜಿನ ಕಂತಿನ ಜೊತೆ ಅದನ್ನೂ ಎತ್ತಿಟ್ಟಿದ್ದಳು. ಬಡಗಿ ದುಡ್ಡನ್ನೂ ನೋಡಿದ, ಅವಳನ್ನೂ ನೋಡಿದ. ಮಾರನೇ ದಿನ ಬೆಳಿಗ್ಗೆಯೇ ಹೋಗಿ ಮೇಸ್ತ್ರಿಯ ಬಾಗಿಲು ತಟ್ಟಿದ.

ಆಮೇಲೆ ಅವನು ಪದ್ಧತಿ ಬದಲಿಸಿದ. ಹೊಸ ಕೆಲಸ ಒಪ್ಪಿಕೊಳ್ಳುವಾಗಲೇ ಅರ್ಧ ದುಡ್ಡು ಮುಂಗಡ ಕೇಳಿದ. ಗಿರಾಕಿ ರೇಗಬಹುದು ಅಂತ ಒಂದು ಕಾಲು ಬಾಗಿಲಾಚೆಯೇ ಇಟ್ಟುಕೊಂಡಿದ್ದ. ಆಯಮ್ಮ ಕಣ್ಣು ಕೂಡ ಮಿಟುಕಿಸದೆ ಪರ್ಸು ತೆಗೆದು, "ಎಲ್ರೂ ಕೇಳ್ತಾರಪ್ಪ, ನೀವೊಬ್ರೇ ಕೇಳ್ದೇ ಇದ್ದೋರು," ಅಂದಳು.

ವರ್ಷ ತುಂಬಿದ ಮೇಲೆ ಅಕ್ಕನ ಮೊಬೈಲಿನಲ್ಲಿ ಮೊದಲು ತನ್ನ ವರದಿಯನ್ನು ತಾನೇ ನೋಡಿಕೊಂಡ. ನಮ್ಮದನ್ನು ನಾವು ನೋಡಿಕೊಂಡರೆ ಅಂಕ ಇಳಿಯುವುದಿಲ್ಲ. ಅಂಕ ಏರಿತ್ತು. ಈ ಸಲ ಒಂದೇ ಬ್ಯಾಂಕಿಗೆ ಹೋದ. ಹೋದ ವರ್ಷ ಸಾಲ ಇಲ್ಲ ಅಂದಿದ್ದ ಮೇಡಂ ವರದಿ ನೋಡಿ, "ಕುತ್ಕೊಳ್ಳಿ," ಅಂದರು. ಬಡಗಿಗೆ ಅಷ್ಟೇ ಸಾಕಾಗಿತ್ತು. ಸಾಲವೂ ಸಿಕ್ಕಿತು.

ದುಡ್ಡು ತೆಗೆದುಕೊಂಡು ಹೋದಾಗ ಮೇಸ್ತ್ರಿ ಎಣಿಸಲಿಲ್ಲ. ಮಷೀನಿನ ಬೆನ್ನು ಒಂದು ಸಲ ಸವರಿ, ಮುಖ ಸಣ್ಣದು ಮಾಡಿಕೊಂಡ.

"ಏನು ಮೇಸ್ತ್ರಿಗಳೇ, ಕಡಿಮೆ ಆಯ್ತಾ?"

"ದುಡ್ಡು ಸರಿಯಾಗಿದೆ. ಇನ್ನು ಐದನೇ ತಾರೀಖು ನನ್ನ ಮನೆಗೆ ಯಾರು ಬರ್ತಾರಯ್ಯ?"

"ನಾನೇ ಬರ್ತೀನಿ. ಔಷಧಿ ನಾನೇ ತಂದ್ಕೊಡ್ತೀನಿ."

"ತಡ ಮಾಡಿದ್ರೆ?"

"ದಂಡ ಹಾಕಿ!"

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನೀವು ಯಾರ ದುಡ್ಡೂ ಮುಳುಗಿಸುವವರಲ್ಲ, ಗೊತ್ತು. ಆದರೆ ನಿಮ್ಮ ಕಂತಿನ ತಾರೀಖು ಯಾವುದು? ತಟ್ಟನೆ ಹೇಳೋಕೆ ಬರಲಿಲ್ಲ ಅಂದರೆ ಈ ಹಾಳೆ ಕೆಳಗಿಟ್ಟು ಈಗಲೇ ಹೋಗಿ ನೋಡಿ. ದುಡ್ಡು ಬಂದ ದಿನವೇ ಕಂತಿನ ಪಾಲು ಎತ್ತಿಡಿ, ಉಳಿದದ್ದರಲ್ಲಿ ಸಂಸಾರ ಮಾಡಿ. ಯಾವುದಾದರೂ ತಿಂಗಳು ಕಟ್ಟಲು ಆಗುವುದೇ ಇಲ್ಲ ಅನ್ನಿಸಿದರೆ ತಾರೀಖು ದಾಟುವ ಮುಂಚೆ ಸಾಲ ಕೊಟ್ಟವರ ಹತ್ತಿರ ಹೋಗಿ ಬಾಯಿಬಿಟ್ಟು ಹೇಳಿ, ತಲೆಮರೆಸಿಕೊಳ್ಳಬೇಡಿ. ನಿಮ್ಮ ಸಾಲದ ವರದಿಯನ್ನು ಬೇರೆಯವರು ನೋಡುವ ಮುಂಚೆ ನೀವೇ ನೋಡಿ. ನಾಳೆ ನಿಮಗೂ ಒಂದು ಮಷೀನು ಬೇಕಾಗುತ್ತೆ. ಆವತ್ತು ಬ್ಯಾಂಕಿನವರು ನಿಮಗೂ "ಕುತ್ಕೊಳ್ಳಿ" ಅನ್ನಲಿ.