ಅದೇ ಹಳ್ಳಿ ಯಾಕೆ

ಮನೆಯಲ್ಲಿ ಎ.ಸಿ. ಸ್ವಲ್ಪ ಜೋರಾದರೂ ಕಿವಿಗೆ ಮಫ್ಲರ್ ಸುತ್ತಿಕೊಳ್ಳುವ ಯಜ್ಞೇಶ್, ಹಿಮದಲ್ಲಿ ಆಡಲು ಹೋಗೋಣ ಎಂದಾಗ ಹೆಂಡತಿ ಶರ್ಮಿಳಾ ಅದನ್ನು ತಮಾಷೆ ಎಂದೇ ತಿಳಿದಳು.

ಶುಕ್ರವಾರ ಬೆಳಗ್ಗೆ, ಕತಾರಿನ ಮದೀನತ್ ಖಲೀಫಾ ಬಡಾವಣೆಯ ಬಾಡಿಗೆ ಮನೆಯಲ್ಲಿ ಮೂವರೂ ನೀರ್ದೋಸೆ ತಿನ್ನುತ್ತಿದ್ದರು. ಹೊರಗೆ ಸೆಪ್ಟೆಂಬರ್ ಬಂದರೂ ಬಿಸಿಲಿನ ಝಳ ಇನ್ನೂ ಇಳಿದಿರಲಿಲ್ಲ.

"ಈ ಸಲ ಡಿಸೆಂಬರಿನಲ್ಲಿ ಊರಿಗೆ ಬೇಡ," ಎಂದ ಯಜ್ಞೇಶ್. "ಸ್ವಿಟ್ಜರ್‌ಲ್ಯಾಂಡಿಗೆ ಹೋಗುವ. ಮೋಕ್ಷಾ ಸ್ಕೀಯಿಂಗ್ ಕಲಿಯಲಿ."

"ಎಂತ ಮಾರಾಯ್ರೆ, ತಲೆಗೆ ಬಿಸಿಲು ಏರಿತಾ?"

ಅವನು ನಗಲಿಲ್ಲ. ಒಂಬತ್ತನೇ ಕ್ಲಾಸಿನ ಮಗಳು ಮೋಕ್ಷಾ ಆಗಲೇ ಫೋನ್ ಎತ್ತಿಕೊಂಡು ಗೆಳತಿಯರಿಗೆ ಸುದ್ದಿ ಕಳಿಸುತ್ತಿದ್ದಳು.

ಶರ್ಮಿಳಾ ಲುಸೈಲ್‌ನ ಒಂದು ಕಟ್ಟಡ ಕಂಪನಿಯಲ್ಲಿ ಎಚ್.ಆರ್. ವಿಭಾಗದಲ್ಲಿದ್ದಳು. ರಜೆ ಕೇಳಲು ಬರುವವರ ಮಾತಿನಲ್ಲಿ ನಿಜವೆಷ್ಟು, ಕಟ್ಟಿದ್ದೆಷ್ಟು ಎಂದು ಅಳೆಯುವುದು ಅವಳಿಗೆ ಅಭ್ಯಾಸವಾಗಿಹೋಗಿತ್ತು. ಅದೇ ಊರಿನಲ್ಲಿ, ಬಡಾವಣೆಯ ಕಟ್ಟಡಗಳಿಗೆಲ್ಲ ತಣ್ಣೀರು ಹರಿಸುವ ದೊಡ್ಡ ಕೂಲಿಂಗ್ ಪ್ಲಾಂಟಿನಲ್ಲಿ ಯಜ್ಞೇಶ್ ಸೂಪರ್‌ವೈಸರ್. ಮದುವೆಯಾದಂದಿನಿಂದ ಅವನ ರಜೆಯೆಂದರೆ ಉಡುಪಿ, ಅವನ ಅಮ್ಮನ ಮನೆ, ಹೆಚ್ಚೆಂದರೆ ಧರ್ಮಸ್ಥಳ. ಅಂಥವನ ಬಾಯಲ್ಲಿ ಸ್ಕೀಯಿಂಗ್ ಎಂಬ ಮಾತು ಎಲ್ಲಿಂದ ಬಂತು?

ಅವಳು ಕೆದಕಲು ಹೋಗಲಿಲ್ಲ. ತನಗೂ ಹಿಮ ನೋಡುವ ಆಸೆ ಇದ್ದೇ ಇತ್ತು. ನಾಲ್ಕು ಜನ ಹೋಗಿಬಂದ ಇಂಟರ್‌ಲಾಕನ್‌ನ ವಿಡಿಯೋಗಳನ್ನು ನೋಡಿ ಗಂಡನಿಗೂ ತೋರಿಸಿದಳು.

"ಅಲ್ಲಿ ಬೇಡ. ಓಬರ್‌ಮಾಟ್‌ಗೆ ಹೋಗುವ," ಎಂದ ಅವನು.

"ಅದು ಎಲ್ಲಿ?"

"ಚಿಕ್ಕ ಹಳ್ಳಿ. ರಶ್ ಇಲ್ಲ."

ಹುಡುಕಿದರೆ ಆ ಹಳ್ಳಿಯ ಬಗ್ಗೆ ಹೆಚ್ಚೇನೂ ಸಿಗಲಿಲ್ಲ. ಒಂದು ಚರ್ಚು, ಮರದ ಮನೆಗಳು, ಗುಡ್ಡದ ಮೇಲಕ್ಕೆ ಹೋಗುವ ರೋಪ್‌ವೇ. ಹೋದ ವರ್ಷ ಡಿಸೆಂಬರಿನಲ್ಲಿ ಹಿಮವೇ ಬಿದ್ದಿರಲಿಲ್ಲ ಎಂದು ಯಾರೋ ಬೇಸರದಿಂದ ಬರೆದಿದ್ದರು. ಅವಳು ಅದನ್ನು ಓದಿ ಹೇಳಿದಳು.

"ಬೀಳದಿದ್ರೂ ತೊಂದರೆ ಇಲ್ಲ," ಎಂದ ಯಜ್ಞೇಶ್. "ಮೇಲೆ ದೊಡ್ಡ ಕೆರೆ ಮಾಡಿದ್ದಾರೆ. ಅದರ ನೀರಲ್ಲೇ ರಾತ್ರಿ ಹಿಮ ಮಾಡ್ತಾರೆ. ಚರ್ಚಿನ ಹಿಂದಿನ ರಸ್ತೆಯಲ್ಲಿ ಹೋದ್ರೆ ಅದರ ಪಂಪ್‌ಹೌಸು."

"ನಿಮಗೆ ಹೇಗೆ ಗೊತ್ತು?"

"ಎಲ್ಲೋ ಓದಿದ್ದೆ."

ಅವನು ಪತ್ರಿಕೆಯನ್ನೂ ನೆಟ್ಟಗೆ ಓದುವವನಲ್ಲ. ಶರ್ಮಿಳಾಳ ಮನಸ್ಸಿನಲ್ಲಿ ಒಂದು ಮುಳ್ಳು ಅಲ್ಲೇ ನಾಟಿತು.

ಆಮೇಲೆ ಒಂದೊಂದಾಗಿ ಎಲ್ಲ ಕಣ್ಣಿಗೆ ಬೀಳತೊಡಗಿತು. ಶುಕ್ರವಾರ ಅವಳು ಅಡುಗೆಮನೆಯಲ್ಲಿದ್ದಾಗ ಅವನು ಫೋನ್ ಹಿಡಿದು ತಾರಸಿಗೆ ಹೋಗುತ್ತಿದ್ದ. ಒಣಗಿದ ಬಟ್ಟೆ ತರುವ ನೆಪದಲ್ಲಿ ಅವಳೊಮ್ಮೆ ಮೆಟ್ಟಿಲು ಹತ್ತಿದಳು. ಅವನು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದ, ನಡುನಡುವೆ ಗೊತ್ತಿಲ್ಲದ ಭಾಷೆಯ ಶಬ್ದಗಳು. ತಪ್ಪಾಗಿ ಉಚ್ಚರಿಸಿದನೋ ಏನೋ, ಆ ಕಡೆಯಿಂದ ಹೆಂಗಸೊಬ್ಬಳು ನಕ್ಕದ್ದು ಕೇಳಿಸಿತು. ಇವನೂ ನಕ್ಕ. ಅವನು ಹಾಗೆ ನಕ್ಕಿದ್ದನ್ನು ಅವಳು ಕೇಳದೆ ಬಹಳ ಕಾಲವಾಗಿತ್ತು.

ಅವಳನ್ನು ಕಂಡು ಅವನು ಫೋನ್ ಇಟ್ಟ. "ಆಫೀಸಿಂದ," ಎಂದ.

ಶುಕ್ರವಾರ ಕತಾರಿನ ಆಫೀಸುಗಳಿಗೆ ರಜೆ ಎಂಬುದನ್ನು ಅವನಿಗೆ ನೆನಪಿಸಬೇಕೆನಿಸಿತು. ನೆನಪಿಸಲಿಲ್ಲ. ಅವಳ ಅನುಭವದಲ್ಲಿ, ಸುಳ್ಳು ಹೇಳುವವರನ್ನು ಮೊದಲೇ ತಡೆದರೆ ಉಳಿದದ್ದು ಹೊರಬರುತ್ತಿರಲಿಲ್ಲ.

ಮುಂದಿನ ವಾರ ಪಾಸ್‌ಪೋರ್ಟ್ ಪ್ರತಿಗಳನ್ನು ಕೊಡಲು ಅವಳೊಬ್ಬಳೇ ಅಲ್ ಮನ್ಸೂರಾಕ್ಕೆ ಹೋದಳು. ಅಲ್ಲಿ ಹೋಟೆಲುಗಳ ಸಾಲಿನ ನಡುವೆ ಮೊಯ್ದಿನ್ ಕುಂಞಿಯ ಟ್ರಾವೆಲ್ಸ್. ಅವನೂ ಕರಾವಳಿಯವನು, ಕಾಪುವಿನ ಕಡೆಯ ಬ್ಯಾರಿ. ಇವರ ಊರಿನ ಟಿಕೆಟುಗಳನ್ನೆಲ್ಲ ಮಾಡಿಕೊಡುತ್ತಿದ್ದವನು ಅವನೇ.

"ಕೂತ್ಕೊಳ್ಳಿ ಅಕ್ಕ," ಎಂದು ಅವನು ಚಹಾ ತರಿಸಿದ. "ವೀಸಾಕ್ಕೆ ಹೆದರ್ಬೇಡಿ, ನಿಮ್ದು ಎಲ್ಲ ಸರಿ ಉಂಟು. ಅಣ್ಣ ಕೇಳಿದ ಇನ್ನೊಂದು ವಿಷಯ ಮಾತ್ರ ನನಗೆ ಗೊತ್ತಾಗ್ಲಿಲ್ಲ. ನೀವೇ ಹೇಳಿ ಅವರಿಗೆ."

"ಯಾವ ವಿಷಯ?"

"ಅಲ್ಲಿ ಶಾಲೆ ಹೇಗೆ ಅಂತ. ಆ ಹಳ್ಳಿಯಲ್ಲಿ. ನಾನು ಟಿಕೆಟ್ ಮಾಡುವವ ಅಕ್ಕ, ಶಾಲೆ ವಿಷಯ ನನಗೆಂತ ಗೊತ್ತು. ನಿಮ್ಮ ಕಡೆಯ ಮಕ್ಕಳು ಯಾರಾದ್ರೂ ಅಲ್ಲಿದ್ದಾರಾ?"

ಶರ್ಮಿಳಾ ಚಹಾದ ಲೋಟವನ್ನು ಕೆಳಗಿಟ್ಟಳು. "ಇಲ್ಲ," ಎಂದಳು. ಆ ಉತ್ತರದ ಮೇಲೆ ಅವಳಿಗೇ ಭರವಸೆ ಇರಲಿಲ್ಲ.

ಮೆಟ್ರೋದಲ್ಲಿ ಮನೆಗೆ ಮರಳುವಾಗ ಹಳೆಯದೊಂದು ಸಂಗತಿ ನೆನಪಾಯಿತು. ಮದುವೆಗೆ ಮುಂಚೆ ಕಂಪನಿ ಯಜ್ಞೇಶನನ್ನು ತರಬೇತಿಗೆಂದು ಸ್ವಿಟ್ಜರ್‌ಲ್ಯಾಂಡಿಗೆ ಕಳಿಸಿತ್ತು. ಒಂದಿಡೀ ಚಳಿಗಾಲ ಅಲ್ಲಿದ್ದ. ಹೆಣ್ಣು ನೋಡಲು ಬಂದಾಗ ಅವನ ಚಿಕ್ಕಮ್ಮ ಅದನ್ನೇ ದೊಡ್ಡದಾಗಿ ಹೇಳಿಕೊಂಡಿದ್ದರು. ಅವನು ಮಾತ್ರ ಆ ದಿನಗಳ ಬಗ್ಗೆ ಎಂದೂ ಬಾಯಿ ಬಿಟ್ಟಿರಲಿಲ್ಲ. ಅಲ್ಲೊಬ್ಬ ಹೆಂಗಸು. ಶಾಲೆಗೆ ಹೋಗುವ ಒಂದು ಮಗು. ಈಗ ಕರೆ ಬಂದಿದೆ, ಹೆಂಡತಿ ಮಗಳನ್ನೂ ಕಟ್ಟಿಕೊಂಡು ಪ್ರವಾಸದ ನೆಪದಲ್ಲಿ ಹೊರಟಿದ್ದಾನೆ. ಹೀಗೆ ಜೋಡಿಸಿ ನೋಡಿದಾಗ ಎಲ್ಲವೂ ಒಂದಕ್ಕೊಂದು ಕೂಡಿಕೊಂಡಿತು. ಹಾಗೆ ಕೂಡಿಕೊಂಡದ್ದೇ ಅವಳನ್ನು ಹೆದರಿಸಿತು.

ಮುಂದಿನ ದಿನಗಳಲ್ಲಿ ಅವಳು ಗಂಡನನ್ನು ಪರರನ್ನು ನೋಡುವಂತೆ ನೋಡಿದಳು. ಅವನು ಮೋಕ್ಷಾಳ ತಲೆ ಸವರಿದರೆ, ಯಾರನ್ನು ನೆನೆದು ಸವರಿದನೋ ಎನಿಸುತ್ತಿತ್ತು. ಅವನು ಉಣ್ಣೆಯ ಟೊಪ್ಪಿ ಕೊಳ್ಳಲು ಹೋದಾಗ ಎಷ್ಟು ಟೊಪ್ಪಿ ತರುತ್ತಾನೆ ಎಂದು ಕಾದಳು. ಮೂರೇ ತಂದಿದ್ದ. ಅದೂ ಬೇಕೆಂದೇ ಮಾಡಿದ್ದಿರಬೇಕು ಎಂದುಕೊಂಡಳು.

"ಅಮ್ಮ, ನೀನ್ಯಾಕೆ ಎಕ್ಸೈಟೆಡ್ ಇಲ್ಲ?" ಎಂದು ಮೋಕ್ಷಾ ಕೇಳಿದಳು.

"ನನಗೆ ಚಳಿ ಆಗುವುದಿಲ್ಲ," ಎಂದಳು ಶರ್ಮಿಳಾ. ಮಗಳು ಏನು ಕೇಳಿದಳೆಂದು ಅವಳ ಕಿವಿಗೇ ಬಿದ್ದಿರಲಿಲ್ಲ.

ಮಗಳಿಗೆ ಸ್ವಲ್ಪ ಅಭ್ಯಾಸವಾಗಲಿ ಎಂದು ಶನಿವಾರ ಮೂವರೂ ಮಾಲ್‌ನೊಳಗಿನ ಹಿಮದ ಪಾರ್ಕಿಗೆ ಹೋದರು. ಬಾಗಿಲಲ್ಲಿ ಕೊಟ್ಟ ದಪ್ಪ ನೀಲಿ ಕೋಟುಗಳಲ್ಲಿ ಎಲ್ಲರೂ ಒಂದೇ ಥರ ಕಾಣುತ್ತಿದ್ದರು. ಮೋಕ್ಷಾ ಸಣ್ಣ ಇಳಿಜಾರಿನಲ್ಲಿ ಬೀಳುತ್ತ, ಏಳುತ್ತ, ನಗುತ್ತ ದೂರ ಹೋದಳು. ಯಜ್ಞೇಶನ ಕಣ್ಣು ಮಗಳ ಮೇಲೂ ಇರಲಿಲ್ಲ, ಹಿಮದ ಮೇಲೂ ಇರಲಿಲ್ಲ. ತಲೆ ಎತ್ತಿ, ಛಾವಣಿಯಿಂದ ಪುಡಿಹಿಮ ಉದುರಿಸುತ್ತಿದ್ದ ಕೊಳವೆಗಳನ್ನು ನೋಡುತ್ತ ನಿಂತಿದ್ದ. ಅವನ ಮುಖದಲ್ಲಿ ಅದೆಂಥದೋ ಗೆಲುವು. ಅದನ್ನು ಕಂಡು ಅವಳಿಗೆ ತಡೆಯಲಾಗಲಿಲ್ಲ.

"ಆ ಮಗುವಿಗೆ ಈಗ ಎಷ್ಟು ವರ್ಷ?" ಎಂದು ಕೇಳಿದಳು.

"ಯಾವ ಮಗು?"

"ಓಬರ್‌ಮಾಟ್‌ನದ್ದು. ಶಾಲೆ ವಿಚಾರಿಸಿದ್ದೀರಲ್ಲ."

ಅವನ ಮುಖ ಬಿಳಿಚಿತು. "ಮೊಯ್ದಿನ್ ಹೇಳಿದನಾ?"

ಮಗುವೇ ಇಲ್ಲ ಎನ್ನುತ್ತಾನೆಂದು ಅವಳು ಕಾದಿದ್ದಳು. ಅವನು ಕೇಳಿದ್ದು ಯಾರು ಹೇಳಿದರೆಂದು. ಅವಳು ಪಕ್ಕದ ಮರದ ಬೆಂಚಿನ ಮೇಲೆ ಕೂತಳು.

"ಶರ್ಮಿಳಾ, ಶಾಲೆ ಮೋಕ್ಷಾಗೆ," ಎಂದ ಅವನು. ಅವಳು ತಲೆ ಎತ್ತಲಿಲ್ಲ. "ನಮ್ಮ ಮೋಕ್ಷಾಗೆ. ನೀನೆಂತ ಎಣಿಸಿದ್ದು?"

ತಾನು ಎಣಿಸಿದ್ದನ್ನು ಅವಳು ಹೇಳಿದಳು. ಅವನು ಅವಳ ಪಕ್ಕದಲ್ಲಿ ಕೂತು, ಕೈಗವಸು ಕಳಚಿ, ಎಲ್ಲವನ್ನೂ ಹೇಳಿದ.

ಫೋನಿನ ಹೆಂಗಸು ಕೊರಿನಾ. ಅಂದು ತರಬೇತಿಯಲ್ಲಿ ಅವನ ಜೊತೆಗಿದ್ದವಳು, ಈಗ ಓಬರ್‌ಮಾಟ್‌ನ ರೋಪ್‌ವೇ ಕಂಪನಿಯನ್ನು ನೋಡಿಕೊಳ್ಳುತ್ತಾಳೆ. ಅಲ್ಲಿ ಹಿಮ ಕಡಿಮೆಯಾಗುತ್ತ ಬಂದಿದೆ. ಗುಡ್ಡಕ್ಕೆಲ್ಲ ಯಂತ್ರದಿಂದ ಹಿಮ ಹಾಸಬೇಕು. ದೊಡ್ಡ ಪಂಪು, ಕಂಪ್ರೆಸರುಗಳನ್ನು ಅರಿತ ಒಬ್ಬ ಮನುಷ್ಯ ಅವಳಿಗೆ ಬೇಕಾಗಿದ್ದ.

"ಇಲ್ಲಿ ಕಟ್ಟಡ ತಂಪು ಮಾಡುವುದು, ಅಲ್ಲಿ ಗುಡ್ಡಕ್ಕೆ ಹಿಮ ಮಾಡುವುದು," ಎಂದ ಅವನು. "ಮೆಷಿನುಗಳು ನನಗೆ ಗೊತ್ತಿದ್ದವೇ. ಭಾಷೆ ಸ್ವಲ್ಪ ಕಲಿತರೆ ಒಳ್ಳೆಯದು ಅಂದಳು. ಡಿಸೆಂಬರಿನಲ್ಲಿ ಬಂದು ನೋಡಿ ಹೋಗು ಅಂದಳು."

"ನನಗೆ ಹೇಳ್ಲಿಕ್ಕೆ ಎಂತ ಆಗಿತ್ತು?"

"ಕೆನಡಾದ ಕೆಲಸ ಮರೆತು ಹೋಯ್ತಾ? ಆಗುವ ಮೊದಲೇ ಎಲ್ಲರಿಗೂ ಹೇಳಿದೆ. ಆಗಲಿಲ್ಲ. ಯಾವ ಮದುವೆಗೆ ಹೋದ್ರೂ ಕೆನಡಾ ಎಂತಾಯ್ತು, ಕೆನಡಾ ಎಂತಾಯ್ತು. ಈ ಸಲ ಕೈಗೆ ಸಿಗುವವರೆಗೆ ಯಾರಿಗೂ ಹೇಳಬಾರದು ಅಂತಿದ್ದೆ."

"ಆ 'ಯಾರಿಗೂ' ಅನ್ನುವುದರಲ್ಲಿ ನಾನೂ ಒಬ್ಬಳಾ?"

ಅವನು ಕಳಚಿದ ಕೈಗವಸನ್ನು ಮತ್ತೆ ಹಾಕಿಕೊಂಡ.

ಎದೆಯ ಮೇಲಿದ್ದ ಕಲ್ಲು ಇಳಿದದ್ದು ನಿಜ. ಆದರೆ ಅದು ಇಳಿದ ಜಾಗದಲ್ಲಿ ಬೇರೊಂದು ಸಿಟ್ಟು ಏರತೊಡಗಿತು. "ಮಗು ಇದ್ದಿದ್ರೆ ಅದು ನಿಮ್ಮ ಹಳೆಯ ಕತೆ ಅಂತಾಗ್ತಿತ್ತು," ಎಂದಳು. "ಇದು ನನ್ನ ಬದುಕು. ನನ್ನ ಕೆಲಸ, ನನ್ನ ಮಗಳ ಶಾಲೆ. ಪಿಕ್ನಿಕ್ ಅಂತ ಕರ್ಕೊಂಡು ಹೋಗಿ ಮನೆ ತೋರಿಸುವವರಿದ್ರಾ?"

"ನೋಡಿದ್ರೆ ನಿನಗೆ ಇಷ್ಟ ಆಗ್ತದೆ ಅಂತ."

"ಆ ಕೊರಿನಾಳ ಹತ್ತಿರ ನಾನೇ ಮಾತಾಡ್ತೇನೆ."

ಹಿಮ ಮೆತ್ತಿದ ಕೋಟಿನಲ್ಲಿ ಮೋಕ್ಷಾ ಓಡಿ ಬಂದಳು. ಇಬ್ಬರೂ ಅವಳನ್ನು ನೋಡಿ ನಕ್ಕರು.

ಕೊರಿನಾ ವಿಡಿಯೋ ಕರೆಯಲ್ಲಿ ಕಾಣಿಸಿಕೊಂಡಾಗ, ಬಿಸಿಲಿಗೆ ಸುಟ್ಟ ಕೆನ್ನೆಯ, ಗಿಡ್ಡ ಕೂದಲಿನ ಹೆಂಗಸೊಬ್ಬಳು ಕಿಟಕಿಯ ಪಕ್ಕ ಕೂತಿದ್ದಳು. ಅವಳ ಹಿಂದೆ ಹಸಿರು ಗುಡ್ಡ; ಹಿಮ ಇನ್ನೂ ಬಿದ್ದಿರಲಿಲ್ಲ. ಯಜ್ಞೇಶನ ಕೆಲಸವನ್ನು ಅವಳು ಬಹಳ ಹೊಗಳಿದಳು. ಶರ್ಮಿಳಾ ಎಲ್ಲವನ್ನೂ ಕೇಳಿಸಿಕೊಂಡು, ತನ್ನ ಕಚೇರಿಯಲ್ಲಿ ಹೊರದೇಶದಿಂದ ಜನರನ್ನು ಕರೆಸುವಾಗ ಎಲ್ಲಕ್ಕಿಂತ ಮೊದಲು ಎತ್ತುವ ಪ್ರಶ್ನೆಯನ್ನೇ ಕೇಳಿದಳು. ಕುಟುಂಬಕ್ಕೂ ಅಲ್ಲಿರಲು ಪರ್ಮಿಟ್ ಸಿಗುತ್ತದೆಯೇ?

ಕೊರಿನಾ ಒಮ್ಮೆ ಕಿಟಕಿಯ ಕಡೆ ನೋಡಿದಳು.

"ಇಲ್ಲ," ಎಂದಳು ಕೊರಿನಾ. "ಚಳಿಗಾಲದ ಕೆಲಸ. ಪರ್ಮಿಟ್ ಅವರೊಬ್ಬರಿಗೇ, ಅದೂ ಸಿಕ್ಕರೆ. ಯಜ್ಞೇಶ್‌ಗೆ ಗೊತ್ತಿದೆ ಎಂದುಕೊಂಡಿದ್ದೆ."

ಕರೆ ಮುಗಿದ ಮೇಲೆ ಶರ್ಮಿಳಾ ಗಂಡನ ಕಡೆ ತಿರುಗಿದಳು. "ಗೊತ್ತಿತ್ತಾ?"

"ಇಲ್ಲ. ಕೇಳಿರಲಿಲ್ಲ."

"ಯಾಕೆ ಕೇಳಿರಲಿಲ್ಲ?"

"ಕೇಳಿದ್ರೆ ಇಲ್ಲ ಅಂದಾಳು ಅಂತ."

ಗೊತ್ತಿಲ್ಲದಿರುವುದಕ್ಕೂ ಕೇಳದಿರುವುದಕ್ಕೂ ಇರುವ ವ್ಯತ್ಯಾಸ ಅವಳಿಗೆ ಚೆನ್ನಾಗಿ ತಿಳಿದಿತ್ತು. ಅವನು ಸೋಫಾದಲ್ಲಿ ಕುಗ್ಗಿ ಕೂತಿದ್ದ. ಸುಳ್ಳು ಹೇಳುವವನಂತೆ ಕಾಣುತ್ತಿರಲಿಲ್ಲ. ಆದರೆ ತಾರಸಿಯ ಮೇಲೆ ಫೋನ್ ಇಟ್ಟು "ಆಫೀಸಿಂದ" ಎಂದಾಗಲೂ ಅವನು ಹಾಗೆ ಕಂಡಿರಲಿಲ್ಲ.

"ಬಿಡು," ಎಂದ ಅವನು. "ಖಲಾಸ್. ಆ ಕೆಲಸವೂ ಬೇಡ, ಪ್ರವಾಸವೂ ಬೇಡ. ಊರಿಗೇ ಹೋಗುವ."

ಒಪ್ಪಿಕೊಂಡರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಆದರೆ ಊರಿನ ಜಗಲಿಯಲ್ಲಿ ಕೂತು ಅವನು ಆ ಗುಡ್ಡವನ್ನೇ ನೆನೆಯುತ್ತಿರುವುದನ್ನು, ತಾನು ಅವನ ಮುಖವನ್ನೇ ಓದುತ್ತಿರುವುದನ್ನು ಅವಳು ಊಹಿಸಿಕೊಂಡಳು. ಹಿಮದ ಕೊಳವೆಗಳ ಕೆಳಗೆ ನಿಂತಾಗ ಆ ಮುಖದಲ್ಲಿದ್ದ ಗೆಲುವನ್ನೂ ಅವಳು ಕಂಡಿದ್ದಳು.

"ಹೋಗುವ," ಎಂದಳು. "ಓಬರ್‌ಮಾಟ್‌ಗೇ. ಪಂಪ್‌ಹೌಸು ನೋಡುವಾಗ ನಾನೂ ಜೊತೆಗೆ ಇರ್ತೇನೆ. ಅಲ್ಲಿ ಯಾವುದಕ್ಕೂ ಹೂಂ ಅನ್ಬೇಡಿ. ಇಲ್ಲಿಗೆ ಬಂದ ಮೇಲೆ ಮೂವರೂ ಕೂತು ಮಾತಾಡುವ. ಒಂದು ಚಳಿಗಾಲ ಒಬ್ಬರೇ ಹೋಗ್ಬೇಕು ಅಂತ ನಿಮಗೆ ಆಗಲೂ ಅನಿಸಿದ್ರೆ, ನನ್ನ ಮುಖ ನೋಡಿ ಹೇಳಿ."

ಅವನು ಅವಳ ಕೈ ಹಿಡಿಯಲು ಬಂದ. ಅವಳು ಕೈಯನ್ನು ಹಿಂದಕ್ಕೆಳೆದುಕೊಳ್ಳಲಿಲ್ಲ, ಗಟ್ಟಿಯಾಗಿ ಹಿಡಿಯಲೂ ಇಲ್ಲ.

ವೀಸಾ ಬಂದ ಮೇಲೆ ಇಬ್ಬರೂ ಜೊತೆಯಾಗಿ ಮೊಯ್ದಿನ್ ಕುಂಞಿಯ ಬಳಿಗೆ ಹೋದರು. ಅವನು ಕಂಪ್ಯೂಟರಿನಲ್ಲಿ ಹೆಸರುಗಳನ್ನು ತುಂಬಿಸಿ, "ವಾಪಸ್ ಡೇಟ್ ಚೇಂಜ್ ಮಾಡ್ಲಿಕ್ಕೆ ಆಗುವ ಟಿಕೆಟ್ ಬೇಕಾ ಅಕ್ಕ, ಫಿಕ್ಸ್ ಸಾಕಾ?" ಎಂದು ಕೇಳಿದ.

"ಫಿಕ್ಸ್," ಎಂದಳು ಶರ್ಮಿಳಾ. "ಮೂವರಿಗೂ."

ಮೊಯ್ದಿನ್ ಯಜ್ಞೇಶನ ಕಡೆ ನೋಡಿದ. ಯಜ್ಞೇಶ್ ತಲೆಯಾಡಿಸಿದ, ಒಂದಿಷ್ಟು ತಡವಾಗಿ. ಆ ತಡ ಶರ್ಮಿಳಾಳ ಕಣ್ಣು ತಪ್ಪಲಿಲ್ಲ. ಅವಳು ಟಿಕೆಟುಗಳು ಮುದ್ರಣವಾಗುವುದನ್ನೇ ಕಾದು ಕೂತಳು. ಅವು ಬಂದ ಮೇಲೆ ಮೂರನ್ನೂ ತನ್ನ ಬ್ಯಾಗಿನೊಳಗೆ ಇಟ್ಟುಕೊಂಡು ಎದ್ದಳು.